ಏಳು ದಿನ ಓಡದ ಡಿಸ್ಕು

ಫೋನು ಬಂದಾಗ ನಾನು ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಒಂದು ಬೇಕರಿಯಲ್ಲಿ ಏಣಿಯ ಮೇಲಿದ್ದೆ. ಕ್ಯಾಮೆರಾಕ್ಕೆ ಸ್ಕ್ರೂ ಕೂರಿಸುತ್ತಿದ್ದ ಕೈ ಬಿಟ್ಟು ಫೋನನ್ನು ಬಲಗಿವಿಗೇ ಒತ್ತಿಕೊಳ್ಳಬೇಕಾಯಿತು. ನನ್ನ ಎಡಗಿವಿ ಕೇಳುವುದಿಲ್ಲ. ಹನ್ನೊಂದು ವರ್ಷವಾಯಿತು.

"ನಿಮ್ ಯಜಮಾನ್ರು ಹೋಗ್ಬಿಟ್ರು ಕಣಪ್ಪಾ" ಎಂದಿತು ಹೆಂಗಸಿನ ದನಿ. ಅವರ ಹೆಂಡತಿಯದು. ನನ್ನ ಎಡಗಿವಿಯನ್ನು ಕೆಡಿಸಿದ ಕೈ ಆ ದಿನ ಬೆಳಿಗ್ಗೆ ಕಡೂರಿನಲ್ಲಿ ತಣ್ಣಗಾಗಿತ್ತು.

ಇಳಿದು ಬಂದೆ. ಯಾರು ಹೋದದ್ದು ಎಂದು ಬೇಕರಿಯವನು ಕೇಳಿದ. ನನಗೆ ಕೆಲಸ ಕಲಿಸಿದವರು ಎಂದೆ. ನನಗೆ ಹೊಡೆದವರು ಎಂದೂ ಹೇಳಬಹುದಿತ್ತು, ಅದೂ ನಿಜವೇ. ಎಂಟನೇ ತರಗತಿಗೆ ಶಾಲೆ ಬಿಟ್ಟವನು ನಾನು. ಬರೆಯುವುದು ನನ್ನ ಕಸುಬಲ್ಲ. ಆದರೆ ಅವರ ವಿಷಯದಲ್ಲಿ ಒಂದು ಮಾತನ್ನು ಹನ್ನೊಂದು ವರ್ಷ ಬಚ್ಚಿಟ್ಟಿದ್ದೇನೆ. ಅದನ್ನು ಹೊರಗೆ ಹಾಕಬೇಕಾದರೆ ಅವರು ಎಂಥವರು ಎಂದು ಮೊದಲು ಹೇಳಬೇಕು.

ಕಡೂರಿನಲ್ಲಿ ರೈಲ್ವೆ ಗೇಟಿನ ಹತ್ತಿರ ಅವರ ಅಂಗಡಿ. ಕಂಪ್ಯೂಟರ್ ರಿಪೇರಿ, ಕ್ಯಾಮೆರಾ ಕೂರಿಸುವುದು ಎಲ್ಲ ಇತ್ತು. ಆದರೆ ಸುತ್ತಲಿನವರಿಗೆ ಅವರು ಗೊತ್ತಿದ್ದದ್ದು ಹಾರ್ಡ್ ಡಿಸ್ಕಿಗೆ. ಫೋಟೋ ಸ್ಟುಡಿಯೋದ ಮದುವೆ ವಿಡಿಯೋ, ಮಂಡಿಗಳ ಕ್ಯಾಮೆರಾ ರೆಕಾರ್ಡು, ಎಲ್ಲ ಕೂತಿರುವುದು ಆ ಡಬ್ಬಿಯಲ್ಲಿ ತಾನೇ. ಗೂಡ್ಸ್ ಗಾಡಿ ಹೋದರೆ ಅಂಗಡಿಯ ನೆಲ ನಡುಗುತ್ತಿತ್ತು. ಓಡುವ ಡಿಸ್ಕಿಗೆ ನಡುಕ ಆಗದೆಂದು ಮೇಜಿನ ನಾಲ್ಕು ಕಾಲಿಗೂ ಲಾರಿ ಟ್ಯೂಬಿನ ರಬ್ಬರು ಮಡಿಚಿ ಕಟ್ಟಿದ್ದರು. ಮೇಜಿನ ಕೆಳಗೆ ಒಂದು ಒಡೆದ ಒರಳುಕಲ್ಲು, ಅದರ ಮೇಲೆ ಒಂದು ದೊಡ್ಡ ಸುತ್ತಿಗೆ.

ಆಳು ಎತ್ತರವಲ್ಲ. ಅಂಗೈ ಮಾತ್ರ ರೊಟ್ಟಿ ತಟ್ಟಿದ ಹಾಗೆ ಅಗಲ. ಅದೇ ಕೈ ಡಿಸ್ಕನ್ನು ಮುಟ್ಟುವಾಗ ಕೋಳಿಮೊಟ್ಟೆ ಮುಟ್ಟಿದಂತೆ ಮುಟ್ಟುತ್ತಿತ್ತು.

ಯಾವ ಡಿಸ್ಕನ್ನೂ ಅವರು ಏಳು ದಿನ ಓಡಿಸದೆ ಕೊಡುತ್ತಿರಲಿಲ್ಲ. ಅಂಚಿನಿಂದ ಅಂಚಿಗೆ ಪೂರ್ತಿ ಬರೆಯಬೇಕು, ಪೂರ್ತಿ ಓದಬೇಕು, ಮತ್ತೆ ಬರೆಯಬೇಕು, ಮತ್ತೆ ಓದಬೇಕು. ಹೊಸದು, ಕಂಪನಿಯ ಕವರ್ ಹರಿದಿಲ್ಲ ಎಂದರೂ ಅಷ್ಟೇ. ಸಂತೆಯಲ್ಲಿ ಎತ್ತು ಕೊಂಡವನು ಮುಂದಿನ ಸಂತೆಯವರೆಗೆ ಹೂಡಿ ನೋಡುವುದಿಲ್ಲವೇ, ಇದೂ ಹಾಗೇ ಎನ್ನುತ್ತಿದ್ದರು. ಹೊಸದೇ ಹೆಚ್ಚು ಸಾಯುವುದು, ಮೊದಲ ವಾರ ದಾಟಿದ್ದು ಬಾಳುತ್ತದೆ ಎಂಬುದು ಅವರ ನಂಬಿಕೆ. ಕಂಪ್ಯೂಟರಿನಲ್ಲಿ ಮೂರು ಲೆಕ್ಕ ನೋಡುತ್ತಿದ್ದರು: ಈಗಾಗಲೇ ಕೆಟ್ಟ ಜಾಗ ಎಷ್ಟು, ಕೆಡಲು ಕಾದಿರುವ ಜಾಗ ಎಷ್ಟು, ಹುಟ್ಟಿದಾಗಿನಿಂದ ಎಷ್ಟು ಗಂಟೆ ಓಡಿದೆ. ಮೊದಲನೆಯದು ಹುಣ್ಣು, ಎರಡನೆಯದು ಒಳಗೇ ಕಟ್ಟಿದ ಕೀವು, ಮೂರನೆಯದು ವಯಸ್ಸು. ವಯಸ್ಸನ್ನು ಡಿಸ್ಕು ತಾನೇ ಬರೆದುಕೊಳ್ಳುತ್ತಾ ಹೋಗುತ್ತದೆ, ಯಾರೂ ಕೇಳಬೇಕಿಲ್ಲ.

ಅದಾದ ಮೇಲೂ ಒಂದು ಪರೀಕ್ಷೆ ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಡಿಸ್ಕಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಕಿವಿಯ ತೂತಿಗಲ್ಲ, ಎಲುಬಿಗೆ. "ಗಾಳೀಲಿ ಬರೋದ್ ನಂಬ್ಬೇಡ. ಎಲುಬಿಗೆ ಬರೋದ್ ನಂಬು" ಎಂದು ನನಗೆ ಹೇಳಿಕೊಟ್ಟದ್ದು ಹಾಗೆ.

ಪಾಸಾದ ಡಿಸ್ಕಿಗೆ ಬಿಳಿ ಪ್ಲಾಸ್ಟರಿನ ಒಂದು ತುಂಡು ಅಂಟಿಸಿ, ಮಾರ್ಕರಿನಲ್ಲಿ "೭ ದಿನ" ಎಂದು ಬರೆದು ಕೆಳಗೆ ಸಹಿ. ಫೇಲಾದದ್ದಕ್ಕೆ ಒರಳುಕಲ್ಲು. ಅದೂ ತಂದವನ ಕಣ್ಣೆದುರಿಗೇ. ಅಜ್ಜಂಪುರದ ಫೋಟೋ ಸ್ಟುಡಿಯೋದವನೊಬ್ಬ ಬೇಡ ಬೇಡ ಎಂದು ಅಡ್ಡ ಬಂದಿದ್ದ. ಅವನನ್ನು ಎಡಗೈಯಲ್ಲಿ ಗೋಡೆಗೆ ಒತ್ತಿ ಹಿಡಿದು ಬಲಗೈಯಲ್ಲಿ ಸುತ್ತಿಗೆ ಬೀಸಿದರು. ಡಿಸ್ಕಿನ ಒಳಗಿನ ತಟ್ಟೆ ಗಾಜಿನಂತೆ ಚೂರಾಗಿ ಹಾರಿತು. ಇದನ್ನು ಒಡೆಯದೆ ಬಿಟ್ಟರೆ ನಾಳೆ ಇನ್ನೊಬ್ಬನಿಗೆ ದಾಟಿಸುತ್ತಾನೆ ಎಂದು ಆಮೇಲೆ ನನಗೆ ಹೇಳಿದರು. ಅದು ನಿಜವೂ ಇರಬಹುದು. ಆದರೆ ಸುತ್ತಿಗೆ ಎತ್ತುವಾಗ ಅವರ ಮುಖ ನಾನು ನೋಡಿದ್ದೇನೆ. ಒಡೆಯುವುದು ಅವರಿಗೆ ಇಷ್ಟವಿತ್ತು.

ಇನ್ನೊಬ್ಬ ಹತ್ತು ಡಿಸ್ಕು ಹೊಸದೆಂದು ತಂದಿದ್ದ. ಗಂಟೆಯ ಲೆಕ್ಕ ಸೊನ್ನೆ ತೋರಿಸುತ್ತಿತ್ತು. ಸ್ಕ್ರೂ ತೂತುಗಳು ಮಾತ್ರ ತಿರುಗಿಸಿ ತಿರುಗಿಸಿ ಸವೆದಿದ್ದವು. ಹಳೆಯದರ ಲೆಕ್ಕ ಅಳಿಸಿ ತಂದಿದ್ದಾನೆಂದು ತಿಳಿದ ತಕ್ಷಣ ಅವನ ಕುತ್ತಿಗೆಪಟ್ಟಿ ಹಿಡಿದು ಬೀದಿಗೆ ಎಳೆದರು. ಒಂದೊಂದಾಗಿ ಹತ್ತನ್ನೂ ಅವನ ಕಾಲ ಬುಡದಲ್ಲೇ ಒಡೆದರು. ಒಂದು ಚೂರು ಮೊಣಕಾಲ ಕೆಳಗೆ ಸಿಗಿದು ರಕ್ತ ಚಪ್ಪಲಿಗೆ ಇಳಿಯಿತು. ಅವನು ಅಳುತ್ತಾ ನಿಂತಿದ್ದ. ಎದುರಿನ ಟೀ ಅಂಗಡಿಯವರು, ಬಿಡಿ ಯಜಮಾನ್ರೇ, ಡಿಸ್ಕ್ ಮುಗುದ್ವು, ಇನ್ನು ಅವನ ತಲೇನೇ ಉಳ್ದಿರೋದು ಎಂದು ನಕ್ಕರು. ಬೀದಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೆಚ್ಚು ಡಿಸ್ಕು ಕೂರುವ ಪೆಟ್ಟಿಗೆ ಬೇಕೆಂದು ಬಂದವರಿಗೆ ಅವರು ಕಂಪ್ಯೂಟರಿನ ಮಾತು ಆಡುತ್ತಿರಲಿಲ್ಲ. ಎತ್ತು, ತೆಂಗಿನಕಾಯಿ, ಇವೇ ಅವರ ಪಾಠ. ತರೀಕೆರೆಯ ಲಾಡ್ಜಿನವರೊಬ್ಬರು ನಾಲ್ಕು ಡಿಸ್ಕಿನ ಪೆಟ್ಟಿಗೆ ಕೇಳಿದರು. ನಾಲ್ಕರ ಜಾಗವೂ ಪೂರ್ತಿ ಸಿಗಬೇಕು, ಚೂರೂ ದಂಡವಾಗಬಾರದು ಎಂಬುದು ಅವರ ಹಟ. ನಾಲ್ಕೆತ್ತನ್ನು ಒಂದೇ ಗಾಡಿಗೆ ಕಟ್ಟಿದಂತೆ, ಜೋರಾಗಿ ಹೋಗುತ್ತದೆ, ಒಂದು ಮುಗ್ಗರಿಸಿದರೆ ನಾಲ್ಕೂ ಹಳ್ಳಕ್ಕೆ ಎಂದರು ಯಜಮಾನರು. ಹಾಗಾದರೆ ಮೂರರಲ್ಲಿ ಸಾಮಾನು, ಒಂದರಲ್ಲಿ ಲೆಕ್ಕ ಇಡುವ ಪದ್ಧತಿ ಇದೆಯಂತಲ್ಲ ಎಂದು ಲಾಡ್ಜಿನವರು ಕೇಳಿದರು.

"ಐತೆ. ಮೂವರ ಹತ್ರ ಕಾಯಿ, ನಾಲ್ಕನೇವ್ನ ಹತ್ರ ಒಟ್ಟು ಎಷ್ಟು ಅನ್ನೋದು. ಒಬ್ಬ ಸತ್ರೆ ಉಳಿದೋರು ಕಳೆದು ಅವನ ಪಾಲು ಹೇಳ್ತಾರೆ. ಆದ್ರೆ ಹಂಗೆ ಕಳೀತಾ ಎರಡು ದಿನ ಬಿಡದೆ ದುಡೀಬೇಕು. ಎಲ್ಲಾ ಒಂದೇ ವಯಸ್ಸಿನ ಮುದುಕ್ರು. ಆ ದುಡಿತದಾಗೆ ಇನ್ನೊಬ್ಬ ಸತ್ತ ಅಂದ್ರೆ?"

ಯಜಮಾನರ ಆಯ್ಕೆ ಯಾವಾಗಲೂ ಒಂದೇ, ಎರಡು ಜೋಡಿ. ಒಂದನೆಯದೂ ಎರಡನೆಯದೂ ಒಂದು ಜೋಡಿ, ಮೂರನೆಯದೂ ನಾಲ್ಕನೆಯದೂ ಇನ್ನೊಂದು. ಒಂದೊಂದು ಕಾಯನ್ನೂ ಒಡೆದು ಹಂಚಿದಂತೆ, ಅರ್ಧ ಸಾಮಾನು ಮೊದಲ ಜೋಡಿಯಲ್ಲಿ, ಉಳಿದರ್ಧ ಎರಡನೆಯದರಲ್ಲಿ. ಜೋಡಿಯೊಳಗೆ ಇಬ್ಬರ ಹತ್ತಿರವೂ ಇರುವುದು ಒಂದೇ. ಪ್ರತಿ ಜೋಡಿಯಲ್ಲಿ ಒಂದೊಂದು ಬದುಕಿದ್ದರೆ ಎಲ್ಲವೂ ಬದುಕಿದಂತೆ. ಒಂದೇ ಜೋಡಿಯ ಎರಡೂ ಸತ್ತರೆ ಎಲ್ಲವೂ ಸತ್ತಂತೆ. ಆ ನಾಲ್ಕನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಒಂದು ಶಿವಮೊಗ್ಗದ್ದು, ಒಂದು ದಾವಣಗೆರೆಯದು, ಒಂದು ಚಿಕ್ಕಮಗಳೂರಿನದು, ಒಂದು ಕಡೂರಿನದೇ. ಒಂದೇ ಡಬ್ಬಿಯಲ್ಲಿ ಬಂದವು ಒಂದೇ ವಾರದಲ್ಲಿ ಸಾಯುತ್ತವೆ ಎನ್ನುತ್ತಿದ್ದರು. ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತರಬೇಕು.

ಲಾಡ್ಜಿನವರು ಒಪ್ಪದೆ ಬೇರೆ ಕಡೆ ಮಾಡಿಸಿಕೊಂಡರು. ವರ್ಷವಾಗುವುದರೊಳಗೆ ನಾಲ್ಕು ಡಿಸ್ಕನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. "ಹೆಣ ಹೊತ್ಕೊಂಡ್ ಬಂದು ಮದ್ದು ಕೇಳ್ತೀರಾ?" ಎಂದು ಇವರು ಮೇಜಿನ ಕೆಳಗೆ ಬಗ್ಗಿದ್ದೇ ತಡ, ಆ ಮನುಷ್ಯ ಚೀಲ ಎದೆಗವಚಿಕೊಂಡು ಗೇಟಿನವರೆಗೆ ಓಡಿದರು.

ನಾನು ಅವರ ಹತ್ತಿರ ಸೇರಿದಾಗ ನನಗೆ ಇಪ್ಪತ್ತೇಳು, ಮದುವೆಯಾಗಿತ್ತು. ಅಜ್ಜಂಪುರದಲ್ಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುತ್ತಿದ್ದೆ, ಆ ಅಂಗಡಿ ಮುಚ್ಚಿತು. ದಿನಾ ರೈಲಿನಲ್ಲಿ ಕಡೂರಿಗೆ ಬರುತ್ತಿದ್ದೆ. ಕಂಬ ಹತ್ತುವುದು, ವೈರು ಎಳೆಯುವುದು, ಗೋಡೆ ಕೊರೆಯುವುದು, ಈ ಕೆಲಸಗಳಲ್ಲಿ ನನ್ನ ಸಮ ಇನ್ನೊಬ್ಬನಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಓದಿದವರು ಕೆಳಗೆ ನಿಂತು ಕೈ ತೋರಿಸುವಾಗ ನಾನು ಮೇಲೆ ಹತ್ತಿದ್ದೇನೆ.

ಮೊದಲ ಸಲ ಹೊಡೆದದ್ದು ಎರಡನೆಯ ತಿಂಗಳು. ಚೌಳಹಿರಿಯೂರಿನಿಂದ ಒಬ್ಬರ ಡಿಸ್ಕನ್ನು ಸ್ಕೂಟರಿನಲ್ಲಿ ತಂದಿದ್ದೆ. ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತು ಬಂದೆಯಾ ಎಂದು ಕೇಳಿದರು. ಇಲ್ಲ, ಒಬ್ಬನೇ ಬಂದೆ, ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ ಎಂದು ಇದ್ದದ್ದು ಹೇಳಿದೆ. ಕೆನ್ನೆಗೆ ಬಿತ್ತು. ಹಲ್ಲು ತುಟಿಗೆ ನೆಟ್ಟು ಬಾಯಿ ತುಂಬ ರಕ್ತ. ಮನೆಗೆ ಹೋಗಿ ಹೆಂಡತಿಗೆ ಕಣಜ ಕಡಿಯಿತು ಎಂದೆ. ಮರುದಿನ ಮತ್ತೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ, ಅಂಥ ಕೆಲಸ ಹೇಳಿಕೊಡುವವರು ಈ ಕಡೆ ಬೇರೆ ಯಾರೂ ಇರಲಿಲ್ಲ. ಹೊಡೆತದಿಂದ ಕಲಿತೆ ಎಂದು ಹೇಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹೊಡೆತದಿಂದ ನಾನು ಕಲಿತದ್ದು ಒಂದೇ: ಇನ್ನು ಮೇಲೆ ಇದ್ದದ್ದು ಹೇಳಬಾರದು. ಹೊಡೆಯುವವರ ಸುತ್ತ ಸುಳ್ಳು ತಾನಾಗಿ ಬೆಳೆಯುತ್ತದೆ. ಇಷ್ಟು ಬುದ್ಧಿಯ ಮನುಷ್ಯನಿಗೆ ಅದೊಂದು ತಿಳಿಯಲಿಲ್ಲ.

ಆರು ವರ್ಷ ಹೀಗೇ ಕಳೆಯಿತು. ತರೀಕೆರೆ ರಸ್ತೆಯ ಒಂದು ಕೊಬ್ಬರಿ ಮಂಡಿಗೆ ನಾವು ನಾಲ್ಕು ಡಿಸ್ಕಿನ ಪೆಟ್ಟಿಗೆ ಕೂರಿಸಿದ್ದೆವು, ಎರಡು ಜೋಡಿ. ಅದರಲ್ಲಿ ನಾಲ್ಕನೆಯ ಡಿಸ್ಕಿಗೆ ಒಳಗೆ ಕೀವು ಕಟ್ಟತೊಡಗಿತ್ತು. ಯಜಮಾನರು ತಂಗಿಯ ಆಪರೇಷನ್ನಿಗೆಂದು ಹತ್ತು ದಿನ ದಾವಣಗೆರೆಗೆ ಹೊರಟವರು, ಒಂದು ಹೊಸ ಡಿಸ್ಕು ಕೈಗೆ ಕೊಟ್ಟು, ಏಳು ದಿನ ಓಡಿಸಿ ಪಾಸಾದರೆ ಬದಲಾಯಿಸು ಎಂದು ಹೇಳಿ ಹೋದರು.

ನಾನು ಮರೆತೆ. ಆ ವಾರ ಕೆಮ್ಮಣ್ಣುಗುಂಡಿಯ ರಸ್ತೆಯಲ್ಲಿ ಒಂದು ಹೋಂಸ್ಟೇಗೆ ಕ್ಯಾಮೆರಾ ಕಟ್ಟುತ್ತಿದ್ದೆ. ಕೈ ಬೊಬ್ಬೆ ಎದ್ದು, ಬೆನ್ನು ಬಾಗಿ ವಾಪಸು ಬರುತ್ತಿದ್ದೆ. ಡಿಸ್ಕು ಕವರಿನಲ್ಲೇ ಕೂತಿತ್ತು. ಎಂಟನೆಯ ದಿನ ಮಂಡಿಯಿಂದ ಫೋನು. ನಾಲ್ಕನೆಯದು ಪೂರ್ತಿ ಸತ್ತು ಪೆಟ್ಟಿಗೆ ಒಂದೇ ಸಮ ಅರಚುತ್ತಿದೆ ಎಂದರು. ಓಡಿದೆ. ಮಂಡಿಯ ಸಾವ್ಕಾರರು ಹಮಾಲಿಗಳ ಮುಂದೆ ಹಲ್ಲು ಗಿಂಜುತ್ತಾ, "ಏನಪ್ಪಾ, ನಿಮ್ ಯಜಮಾನ್ರು ಬಂದೇ ಆಗ್ಬೇಕೋ, ಇಲ್ಲ ನಿನ್ ಕೈಲೂ ಏನಾರ ಆಯ್ತದೋ?" ಎಂದರು. ಹಮಾಲಿಗಳು ನಕ್ಕರು. ಅಷ್ಟು ಸಾಕಾಯಿತು ನನಗೆ. ಕವರ್ ಹರಿದು ಹೊಸ ಡಿಸ್ಕು ಹಾಕಿದೆ. ಪ್ಲಾಸ್ಟರಿನ ತುಂಡು ಅಂಟಿಸಿ "೭ ದಿನ" ಎಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ. ಮೂರನೆಯದರಲ್ಲಿದ್ದದ್ದೆಲ್ಲ ನಾಲ್ಕನೆಯದಕ್ಕೆ ಹರಿಯತೊಡಗಿತು. ಅರಚಾಟ ನಿಂತಿತು. ಸಾವ್ಕಾರರು ಭೇಷ್ ಎಂದರು.

ಯಜಮಾನರು ದಾವಣಗೆರೆಯಿಂದ ಇಳಿದವರು ಮನೆಗೆ ಹೋಗದೆ ನೇರ ಮಂಡಿಗೆ ಬಂದರು. ಲ್ಯಾಪ್‌ಟಾಪ್ ತೆರೆದು ನಾಲ್ಕನೆಯ ಡಿಸ್ಕಿನ ಲೆಕ್ಕ ನೋಡಿದರು. ಪೆಟ್ಟಿಗೆಯ ಮುಚ್ಚಳ ತೆಗೆದು ಅದರ ಪ್ಲಾಸ್ಟರು ನೋಡಿದರು. ಮತ್ತೆ ಲ್ಯಾಪ್‌ಟಾಪ್ ನೋಡಿದರು.

"ಎಷ್ಟು ದಿನ ಓಡಿಸ್ದೆ?"

"ಏಳು."

"ಇನ್ನೊಂದ್ ಸಲ ಹೇಳು."

"ಏಳು, ಯಜಮಾನ್ರೇ. ಬರ್ದಿದೀನಲ್ಲ."

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಏಳು ದಿನ ಓಡಿ, ಆಮೇಲೆ ಮಂಡಿಯಲ್ಲೂ ಓಡಿದ್ದರೆ ಗಂಟೆಯ ಲೆಕ್ಕ ಇನ್ನೂರು ದಾಟಬೇಕಿತ್ತು. ಐವತ್ತೊಂದು ಇತ್ತು. ಡಿಸ್ಕು ತನ್ನ ವಯಸ್ಸನ್ನು ತಾನೇ ಬರೆದುಕೊಂಡಿತ್ತು.

ಮೊದಲ ಏಟು ಎಡಗಿವಿಯ ಮೇಲೆ ಅಂಗೈ ಪೂರ್ತಿ ಕೂತು ಬಿತ್ತು. ತಲೆಯೊಳಗೆ ಪಟಾಕಿ ಸಿಡಿದ ಹಾಗಾಯಿತು, ಆಮೇಲೆ ಆ ಕಡೆ ಏನೂ ಇಲ್ಲ. ಬಿದ್ದವನನ್ನು ಕಾಲರ್ ಹಿಡಿದು ಎತ್ತಿ ಅದೇ ಕಿವಿಗೆ ಇನ್ನೊಂದು ಹೊಡೆದರು. ತೂಕದ ಯಂತ್ರದ ಕಬ್ಬಿಣದ ಅಂಚಿಗೆ ತಲೆ ಬಡಿದು ಕೆಳಗೆ ಕೊಬ್ಬರಿ ಹೋಳುಗಳ ಮೇಲೆ ಬಿದ್ದೆ. ಮೂರನೆಯದಕ್ಕೆ ಕೈ ಎತ್ತಿದಾಗ ಇಬ್ಬರು ಹಮಾಲಿಗಳು ಅವರ ನಡು ಹಿಡಿದು ಎಳೆದರು. ಕಿವಿಯಿಂದ ರಕ್ತ ಇಳಿದು ಬಿಳಿ ಕೊಬ್ಬರಿ ಕೆಂಪಾದದ್ದು ಕಂಡಿತು. ಮೇಲೆ ನಾನೇ ಕಟ್ಟಿದ ಕ್ಯಾಮೆರಾ ನನ್ನನ್ನೇ ನೋಡುತ್ತಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ಎಡಗಿವಿಯ ತಮಟೆ ಹರಿದು ಒಳಗಿನ ಸಣ್ಣ ಎಲುಬೂ ಕಳಚಿದೆ, ನರ ಮಾತ್ರ ಉಳಿದಿದೆ, ಇನ್ನು ಕೇಳುವುದು ಕಷ್ಟ ಎಂದರು ಡಾಕ್ಟರು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಹೊಡೆದರು ಎಂದೆ. ಮರುದಿನ ನನ್ನ ಭಾಮೈದ ಬಂದು ಕಡೂರಿನ ಸುದ್ದಿ ಹೇಳಿದ. ಮಂಡಿಯಲ್ಲಿದ್ದ ಅಷ್ಟೂ ಜನ ಕಾಲು ಜಾರಿ ಬಿದ್ದ ಎಂದು ಹೇಳಿಕೆ ಕೊಟ್ಟಿದ್ದರು. ನನಗಾಗಲೇ ಜಾರಿಬಿದ್ದೋನು ಎಂದು ಹೆಸರೂ ಇಟ್ಟಿದ್ದರಂತೆ. ಇಪ್ಪತ್ತು ವರ್ಷ ಕಂಬ ಹತ್ತಿ ಒಂದು ದಿನವೂ ಜಾರದವನು ನಾನು. ಕಿವಿ ಹೋದದ್ದಕ್ಕಿಂತ ಆ ಮಾತು ಹೆಚ್ಚು ಉರಿಯಿತು. ಹೊಡೆದದ್ದು ನಿಜ ಎಂದು ಊರಿಗೆ ತೋರಿಸಲು ಉಳಿದದ್ದು ಕ್ಯಾಮೆರಾ ಒಂದೇ. ಅದನ್ನೂ ಭಾಮೈದ ಹೇಳಿದ. ತನ್ನ ಮಂಡಿಗೆ ಪೊಲೀಸರು ಕಾಲಿಡುವುದು ಬೇಡವೆಂದು ಸಾವ್ಕಾರರು ಡಿಸ್ಕು ಒಡೆಸಿಬಿಟ್ಟಿದ್ದರು. ಹಮಾಲಿ ಎರಡು ಡಿಸ್ಕು ಕಿತ್ತು ಹಾರೆಯಲ್ಲಿ ಜಜ್ಜುವಷ್ಟರಲ್ಲಿ ಪೆಟ್ಟಿಗೆ ಅರಚಿ ಬೀದಿಯ ಜನ ಸೇರಿದರಂತೆ. ಅಷ್ಟಕ್ಕೇ ನಿಲ್ಲಿಸಿದರು. ಎರಡು ಹೋದ ಮೇಲೆ ಇನ್ನೇನು ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಯಾವ ಎರಡು ಎಂದು ಭಾಮೈದನಿಗೆ ಗೊತ್ತಿರಲಿಲ್ಲ. ಅದು ಕೇಳಬೇಕಾದ ಪ್ರಶ್ನೆ ಎಂದೂ ಗೊತ್ತಿರಲಿಲ್ಲ.

ನಾಲ್ಕನೆಯ ದಿನ ಯಜಮಾನರು ಬಂದರು. ಮಂಚದ ಕಾಲಿನ ಕಡೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಹೇಗಿದ್ದೀಯ ಎಂದು ಕೇಳಲಿಲ್ಲ.

"ಮಂಡೀಲಿ ಎರಡು ಒಡ್ದವ್ರೆ" ಎಂದರು.

"ಯಾವ್ಯಾವು?"

ಅವರು ಒಂದು, ಎರಡು ಎಂದು ಅಂದಿದ್ದರೆ ಮುಗಿಯಿತು. ಒಂದು ಜೋಡಿ ಪೂರ್ತಿ ಹೋದಂತೆ, ರೆಕಾರ್ಡು ಸತ್ತಂತೆ. ನಾನು ನಂಬುತ್ತಿದ್ದೆ. ಕೇಸೂ ಸಾಯುತ್ತಿತ್ತು. ಆ ಪೆಟ್ಟಿಗೆಯ ಒಳಗನ್ನು ಬಲ್ಲವರು ಇಡೀ ತಾಲ್ಲೂಕಿನಲ್ಲಿ ನಾವಿಬ್ಬರೇ, ಅದರಲ್ಲಿ ಒಬ್ಬ ಮಂಚದ ಮೇಲಿದ್ದ.

"ಒಂದು. ಮೂರು" ಎಂದರು. "ಎರಡನೇದು ಕಚ್ಕೊಂಡು ಆ ಹಮಾಲಿ ಕೈಗೆ ಬರ್ಲಿಲ್ವಂತೆ."

ಜೋಡಿಗೊಂದು ಉಳಿದಿತ್ತು. ಎರಡನೆಯದು, ನಾಲ್ಕನೆಯದು.

ಅವರೇ ಸ್ಟೇಷನ್ನಿಗೆ ಹೋಗಿ, ಉಳಿದೆರಡರಲ್ಲಿ ರೆಕಾರ್ಡು ಇದೆ ಎಂದು ಹೇಳಿದ್ದರು. ಇದೆಯೋ ಇಲ್ಲವೋ ಮೊದಲು ನೋಡೋಣ, ಇದ್ದರೆ ಬೆಂಗಳೂರಿಗೆ ಕಳಿಸೋಣ ಎಂದು ಪೊಲೀಸರು ಒಬ್ಬ ಹೆಡ್ ಕಾನ್‌ಸ್ಟೇಬಲನ್ನು ಡಿಸ್ಕಿನ ಸಮೇತ ಅಂಗಡಿಗೆ ಕಳಿಸಿದರು. ನನ್ನನ್ನೂ ಕರೆಸಿದರು. ಕಿವಿಗೆ ಬ್ಯಾಂಡೇಜು ಕಟ್ಟಿಕೊಂಡು ಹೋದೆ. "ಹೊಡ್ದೋರೇ ಎಕ್ಸ್‌ಪರ್ಟು. ನಮ್ ಕರ್ಮ ನೋಡ್ರಪ್ಪಾ" ಎಂದು ಕಾನ್‌ಸ್ಟೇಬಲು ಸ್ಟೂಲಿನ ಮೇಲೆ ಕೂತು ಟೀ ತರಿಸಿದ.

ಎರಡನೆಯದಕ್ಕೆ ಏನೂ ಆಗಿರಲಿಲ್ಲ, ಸರಾಗವಾಗಿ ಓದಿತು. ಅದರಲ್ಲಿದ್ದದ್ದು ಅರ್ಧ. ಅರ್ಧದಿಂದ ಒಂದು ಚಿತ್ರವೂ ಮೂಡುವುದಿಲ್ಲ. ಇನ್ನರ್ಧ ನಾಲ್ಕನೆಯದರಲ್ಲಿ, ನಾನು ಓಡಿಸದೆ ಹಾಕಿದ ಡಿಸ್ಕಿನಲ್ಲಿ. ಅದನ್ನು ಪೊಲೀಸರ ಕವರಿನಿಂದ ತೆಗೆಯುವಾಗ ಯಜಮಾನರು ಕಾನ್‌ಸ್ಟೇಬಲಿಗೆ ಬೆನ್ನು ಮಾಡಿ, ನನ್ನ ಸಹಿಯಿದ್ದ ಪ್ಲಾಸ್ಟರನ್ನು ಉಗುರಿನಲ್ಲಿ ಎಬ್ಬಿಸಿ ಕಿತ್ತು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡರು. ಡಿಸ್ಕಿನ ವಿಷಯದಲ್ಲಿ ಅವರು ಏನನ್ನಾದರೂ ಮುಚ್ಚಿಟ್ಟದ್ದು ನಾನು ಕಂಡಂತೆ ಅದೊಂದೇ.

ಕರೆಂಟು ಕೊಟ್ಟರು. ಡಿಸ್ಕು ತಿರುಗಿತು. ಸ್ಕ್ರೂಡ್ರೈವರು ಎಲುಬಿಗೊತ್ತಿ ಕಣ್ಣು ಮುಚ್ಚಿದರು. ಮುಖ ಬಿಗಿಯಿತು. ಅದನ್ನು ನನಗೆ ಕೊಟ್ಟರು. ನಾನು ಬಲಕ್ಕೆ ಇಡಲು ಹೋದೆ.

"ಎಡಕ್ ಇಡು."

ಬ್ಯಾಂಡೇಜಿನ ಹಿಂದೆ, ಎಲುಬಿಗೆ ಒತ್ತಿದೆ. ಅಷ್ಟು ದಿನದಿಂದ ಸತ್ತು ಬಿದ್ದಿದ್ದ ಕಡೆಯಲ್ಲಿ ಒಂದು ಸದ್ದು ಬಂತು. ಟಕ್. ಟಕ್. ಟಕ್.

"ಕೇಳ್ತದಾ?" ಎಂದರು.

ಹೂಂ ಎಂದೆ. ಅವರು ಮುಖ ಆಚೆ ತಿರುಗಿಸಿದರು.

ಅರ್ಧ ಗಂಟೆ ಹೆಣಗಿತು. ಒಂದಿಷ್ಟು ಓದುವುದು, ನಿಲ್ಲುವುದು, ತಡವರಿಸುವುದು. ಆಮೇಲೆ ತಿರುಗುವುದೇ ನಿಂತಿತು. ಮೊದಲ ವಾರದಲ್ಲಿ ಸಾಯುವ ಜಾತಿಯದು ಅದು. ಏಳು ದಿನ ಓಡಿಸಿದ್ದರೆ ನಮ್ಮ ಮೇಜಿನ ಮೇಲೇ ಸತ್ತು ಒರಳುಕಲ್ಲಿಗೆ ಹೋಗುತ್ತಿತ್ತು, ಮಂಡಿಯಲ್ಲಿ ಗಟ್ಟಿಯಾದದ್ದು ಕೂತಿರುತ್ತಿತ್ತು. ನನಗೆ ಏಟು ಬಿದ್ದದ್ದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾನೇ ಕೊಂದಿದ್ದೆ. ಹಾಗೆಂದು ಬಾಯಿಬಿಟ್ಟು ಹೇಳಲು ನನಗಾಗಲಿಲ್ಲ. ನೆಲ ನೋಡಿದೆ.

"ಏನಂತೆ?" ಎಂದ ಕಾನ್‌ಸ್ಟೇಬಲು.

"ಸತ್ತೋಯ್ತು" ಎಂದರು ಯಜಮಾನರು.

ಅವನಿಗೆ ಹಗುರಾಯಿತು. ಲೋಟ ಕೆಳಗಿಟ್ಟು, "ಹಂಗಾದ್ರೆ ಕಾಲು ಜಾರಿ ಬಿದ್ದ ಅಂತಲೇ ಬರ್ಕೊಳ್ಳಲಾ?" ಎಂದು ಪೆನ್ನು ತೆಗೆದ.

ಯಜಮಾನರು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟರು.

"ಕಾಪಿ ಎರಡಿದ್ವು ಸ್ವಾಮಿ. ಒಂದು ಅವನ ಕಿವೀಲೈತೆ. ಇನ್ನೊಂದು ಇಗಳ, ನನ್ ಕೈಲೈತೆ. ನಾನೇ ಹೊಡ್ದಿದ್ದು. ಹಂಗೇ ಬರ್ಕಳಿ."

"ಯಾಕ್ ಹೊಡೆದ್ರಿ?"

ನನ್ನ ಸುಳ್ಳು ಈಗ ಹೊರಬೀಳುತ್ತದೆ ಎಂದುಕೊಂಡೆ. ಅವರು ನನ್ನ ಕಡೆ ನೋಡಲೂ ಇಲ್ಲ. "ಹೊಡೆಯೋ ಚಟ. ಅದ್ಕೆ" ಎಂದರು.

ಸತ್ತ ಡಿಸ್ಕನ್ನು ಅಂದು ಅವರು ಒಡೆಯಲಿಲ್ಲ. ಟವಲಿನಲ್ಲಿ ಸುತ್ತಿ ಕಾನ್‌ಸ್ಟೇಬಲಿನ ಕೈಗೆ ಕೊಟ್ಟರು.

ರಾಜಿ ಮಾಡಿಕೋ ಎಂದು ಊರವರು ಹೇಳಿದರು, ಸಾವ್ಕಾರರು ಹೇಳಿದರು. ನಾನು ಮಾಡಿಕೊಳ್ಳಲಿಲ್ಲ. ಅವರೂ ಕೇಳಲಿಲ್ಲ. ಆರು ತಿಂಗಳು ಒಳಗಿದ್ದು ಬಂದರು. ಅಷ್ಟರಲ್ಲಿ ನಾನು ತರೀಕೆರೆಯಲ್ಲಿ ಸ್ವಂತ ಅಂಗಡಿ ಹಾಕಿದ್ದೆ. ಬೀರೂರು ಸ್ಟೇಷನ್ನಿನಲ್ಲಿ ಎರಡು ಸಲ ಎದುರಾದರು. ಎರಡು ಸಲವೂ ಒಂದೇ ಪ್ರಶ್ನೆ, ಏಳು ದಿನ ಓಡಿಸ್ತೀಯಾ ಎಂದು. ಓಡಿಸ್ತೀನಿ ಎಂದೆ. ತಲೆಯಾಡಿಸಿ ಹೋದರು.

ಫೋನು ಬಂದ ದಿನ ನಾನು ಅವರ ಮನೆ ತಲುಪಿದಾಗ ಇನ್ನೂ ಜನ ಸೇರಿರಲಿಲ್ಲ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬಲಗೈ ಎಡಗೈಯನ್ನು ಪೂರ್ತಿ ಮುಚ್ಚಿತ್ತು. ಅವರ ಹೆಂಡತಿ ನನ್ನ ಬಲಕ್ಕೆ ಬಂದು ನಿಂತರು. ನನಗೆ ಯಾವ ಕಡೆ ಕೇಳುತ್ತದೆ ಎಂದು ಅವರಿಗೆ ಗೊತ್ತಿತ್ತು.

"ಜೈಲಿಂದ ಬಂದ್ಮೇಲೆ ಒಂದಿನಾನೂ ಕೈ ಎತ್ಲಿಲ್ಲ ಕಣಪ್ಪಾ" ಎಂದರು. "ಆದ್ರೆ ಅವ್ರು ನೀರಿನ ಚೊಂಬು ಎತ್ತಿದ್ರೂ ನಾನು ತಲೆ ಬಗ್ಗಿಸ್ಬಿಡ್ತಿದ್ದೆ. ಇವತ್ತು ಬೆಳಿಗ್ಗೆ ತನಕ."

ಆಗ ನಾನು ಹೇಳಿದೆ. ಆ ಡಿಸ್ಕನ್ನು ನಾನು ಓಡಿಸಿರಲಿಲ್ಲ, ಏಳು ದಿನ ಎಂದು ಸುಳ್ಳು ಬರೆದಿದ್ದೆ, ಅದಕ್ಕೇ ಹೊಡೆದದ್ದು. ಕೋರ್ಟಿನಲ್ಲೂ ಅವರು ಅದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ ಎಂದೆ.

ಅವರು ಸತ್ತವರ ಮುಖ ನೋಡುತ್ತಲೇ ಇದ್ದರು. "ಗೊತ್ತು" ಎಂದರು. "ನಂಗೆ ಹೇಳಿದ್ರು. ಅದ್ಕೆ ಹೊಡೀಬೇಕಿತ್ತಾ?"

ಹೆಗಲು ಕೊಟ್ಟು, ಮಣ್ಣು ಹಾಕಿ, ಸಂಜೆಯ ಬಸ್ಸಿಗೆ ತರೀಕೆರೆಗೆ ಬಂದೆ.

ಮರುದಿನ ಬೇಕರಿಯವನು ಅಂಗಡಿಗೆ ಬಂದ. ಅವನ ಡಿಸ್ಕು ಓಡುತ್ತಾ ನಾಲ್ಕನೆಯ ದಿನವಾಗಿತ್ತು. ಹೊಸದಲ್ವಾ, ಇನ್ನೆಷ್ಟು ಸತಾಯಿಸ್ತೀರಿ ಎಂದ. ಇನ್ನೂ ಮೂರು ದಿನ ಎಂದೆ. ಗೊಣಗಿದ. ನಾನು ಸ್ಕ್ರೂಡ್ರೈವರು ತೆಗೆದು ಹಿಡಿಯನ್ನು ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿ ಬಲಗಿವಿಗೆ ಬೆರಳಿಟ್ಟೆ. ಬಸ್ಸಿನ ಹಾರನ್ನು, ಕಂಡಕ್ಟರುಗಳ ಕೂಗು, ರಾತ್ರಿ ಆ ಕಡೆ ಮಲಗಿದ ನನ್ನ ಮಗಳು ಕರೆಯುವುದು, ಯಾವುದೂ ಆ ಕಿವಿಗೆ ಬರುವುದಿಲ್ಲ. ಡಿಸ್ಕು ಮಾತ್ರ ಕೇಳುತ್ತದೆ. ಬೇಕರಿಯವನ ಬಾಯಿ ಆಡುತ್ತಲೇ ಇತ್ತು. ಒಳಗೆ ತಟ್ಟೆ ತಿರುಗುತ್ತಿತ್ತು, ಒಂದೇ ಸಮ, ಎಲ್ಲೂ ತಡವರಿಸದೆ.